ಹಿಂದಿನ ಎಡಗಡೆಯ ಗ್ಲಾಸು

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತದ ಮಾತಾಡುವ ಹೆಂಗಸಲ್ಲ. ಗಾಡಿಗಳ ವೈರಿಂಗ್ ರಿಪೇರಿ ನನ್ನ ಕಸುಬು. ಕರೆಂಟು ಬಂದರೆ ಲೈಟು ಹತ್ತುತ್ತದೆ, ಬರದಿದ್ದರೆ ಹತ್ತುವುದಿಲ್ಲ. ಇಷ್ಟೇ ನನ್ನ ಶಾಸ್ತ್ರ. ಹೋದ ಬೇಸಿಗೆಯ ಒಂದು ರಾತ್ರಿಯವರೆಗೆ ಅದನ್ನೇ ನಂಬಿಕೊಂಡಿದ್ದೆ...

ನಡೆದದ್ದನ್ನು ನನ್ನ ತಂಗಿಗೆ ಮಾತ್ರ ಹೇಳಿದ್ದೆ. "ನಿನಗ ನಿದ್ದಿ ಕಡಿಮಿ ಆಗೈತಿ ಅಕ್ಕ, ಅದಕ್ಕ ಹಿಂಗೆಲ್ಲ ಅನ್ನಿಸ್ತೈತಿ" ಅಂದಳು. ನಿದ್ದೆ ಕಡಿಮೆಯಾದದ್ದು ನಿಜ. ಆದರೆ ಅದು ಆ ರಾತ್ರಿಯ ನಂತರ.

ನನ್ನ ಹೆಸರು ನೀಲಮ್ಮ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಅಂಗಡಿ. ಅಂಗಡಿ ನಮ್ಮ ಯಜಮಾನರದ್ದು. ಮಕ್ಕಳಿರಲಿಲ್ಲ, ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು, ದಿನಾ ಊಟದ ಡಬ್ಬಿ ತಗೊಂಡು ಹೋದವಳು ಸಂಜೆಯವರೆಗೂ ಅಲ್ಲೇ ಇರುತ್ತಿದ್ದೆ. ಮೊದಮೊದಲು ಟೇಪು ಕತ್ತರಿಸಿ ಕೊಡುತ್ತಿದ್ದೆ, ಆಮೇಲೆ ವೈರು ಸುಲಿದು ಕೊಡುತ್ತಿದ್ದೆ. ಆರೇಳು ವರ್ಷ ಆಗುವಷ್ಟರಲ್ಲಿ ಅವರು ಗಿರಾಕಿಯ ಜೊತೆ ಚಹಾಕ್ಕೆ ಹೋದರೆ ಗಾಡಿಯ ಕೆಳಗೆ ಮಲಗಿರುತ್ತಿದ್ದವಳು ನಾನು.

ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆನೋವು ಅಂದವರು ಸಂಜೆಗೆ ಇರಲಿಲ್ಲ.

ಮೂರು ತಿಂಗಳು ಶಟರ್ ಎಳೆದೇ ಇತ್ತು. ಒಂದು ದಿನ ಬೆಳಿಗ್ಗೆ ನಾನೇ ಹೋಗಿ ತೆಗೆದು ಕೂತೆ. ಗಿರಾಕಿಗಳು ಬರುತ್ತಿದ್ದರು, ಒಳಗೆ ಇಣುಕಿ, "ಯಾರೂ ಇಲ್ಲೇನ್ರಿ?" ಅಂತ ನನ್ನನ್ನೇ ಕೇಳಿ ಹೋಗುತ್ತಿದ್ದರು. ಹಳೆಯ ಪರಿಚಯದ ನಾಲ್ಕೈದು ಡ್ರೈವರುಗಳು ಮಾತ್ರ ಕೈಬಿಡಲಿಲ್ಲ. ಅವರಲ್ಲಿ ಒಬ್ಬ ಹನುಮಂತಣ್ಣ. ಅರವತ್ತರ ಹತ್ತಿರದ ಮನುಷ್ಯ, ಹಡಗಲಿಯ ಮಲ್ಲಿಗೆಯನ್ನು ಹೊಸಪೇಟೆ ಮಾರ್ಕೆಟ್‌ಗೆ ಹೊಡೆಯುವವನು. ಹಳೆಯ ಗಾಡಿ ಹಾಳಾಯಿತು ಅಂತ ಆ ಬೇಸಿಗೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದ. ಏಳು ಜನ ಕೂರುವ ಬಿಳಿ ಗಾಡಿ. ಹಿಂದಿನ ಸೀಟುಗಳನ್ನು ಕಿತ್ತು ಹೂವಿನ ಬುಟ್ಟಿಗೆ ಜಾಗ ಮಾಡಿಕೊಂಡಿದ್ದ.

ಆ ದಿನ ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ನಾನು ಅಂಗಡಿ ಮುಚ್ಚುತ್ತಿದ್ದೆ. ಅವನ ಫೋನ್ ಬಂತು.

"ಯವ್ವಾ, ಗಾಡಿ ನಿಂತುಬಿಟ್ಟೈತಿ. ಚಾವಿ ತಿರುವಿದ್ರ ಒಂದು ಲೈಟ್ ಸೈತ ಹತ್ತವಲ್ದು. ಹೂವು ತುಂಬೇತಿ. ಬರ್ತಿಯೇನವಾ?"

ಹಂಪಸಾಗರದ ಕಡೆಯ ರಸ್ತೆಯಲ್ಲಿ, ಊರುಗಳಿಂದ ದೂರ ನಿಂತಿದ್ದ. ರಸ್ತೆಯ ಮೇಲಿನ ಕೆಲಸಕ್ಕೆ ಅಂತ ನನ್ನನ್ನು ಯಾರೂ ಕರೆದು ನಾಲ್ಕು ತಿಂಗಳಾಗಿತ್ತು. ಇಲ್ಲ ಅಂದರೆ ಇನ್ನು ಯಾರೂ ಕರೆಯುವುದಿಲ್ಲ ಅನ್ನಿಸಿತು. ಸಾಮಾನಿನ ಚೀಲವನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ಹೊರಟೆ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಹನುಮಂತಣ್ಣ ಇನ್ನೊಂದು ಗೂಡ್ಸ್ ಗಾಡಿಯನ್ನು ಕೈಮಾಡಿ ನಿಲ್ಲಿಸಿ ಬುಟ್ಟಿಗಳನ್ನು ಅದಕ್ಕೆ ಹೇರುತ್ತಿದ್ದ. ಹೂವು ಕಾಯುವುದಿಲ್ಲ. ಬೆಳಗಾಗುವುದರೊಳಗೆ ಮಾರ್ಕೆಟ್ ಮುಟ್ಟಬೇಕು, ಇಲ್ಲದಿದ್ದರೆ ಅರಳಿ ಕಸವಾಗುತ್ತದೆ.

"ನಾ ಹೂವಿನ ಜೊತಿ ಹೋಗಿ ಇಳಿಸಿ ಬಂದ್ಬಿಡ್ತೀನವಾ" ಅಂದ. ನನ್ನ ಮುಖ ನೋಡಲಿಲ್ಲ. "ನೀ ಒಬ್ಬಾಕಿ ಇರ್ತಿಯೇನು?"

"ಮನ್ಯಾಗೂ ಒಬ್ಬಾಕಿನ ಇರ್ತೀನಿ. ಹೋಗಣ್ಣ ನೀನು" ಅಂದೆ.

ಚಾವಿ ನನ್ನ ಕೈಗೆ ಕೊಡುವಾಗ ಅವನ ಕೈ ಸ್ವಲ್ಪ ತಡೆಯಿತು. ಏನೋ ಹೇಳುವವನಿದ್ದ. ಆ ಗೂಡ್ಸ್ ಗಾಡಿಯವನು ಹಾರ್ನ್ ಹೊಡೆದ. ಹನುಮಂತಣ್ಣ ಓಡಿಹೋಗಿ ಹತ್ತಿಕೊಂಡ. ಕೆಂಪು ಲೈಟುಗಳು ತಿರುವಿನಲ್ಲಿ ಮರೆಯಾದವು.

ಆಮೇಲೆ ಅಲ್ಲಿ ನಾನು, ಆ ಗಾಡಿ...

ಎರಡೂ ಕಡೆ ಬೆಳೆ ತೆಗೆದ ಖಾಲಿ ಹೊಲ. ಬೇಸಿಗೆಯಾದ್ದರಿಂದ ಡ್ಯಾಮಿನ ಹಿನ್ನೀರು ಬಹಳ ಹಿಂದೆ ಸರಿದಿತ್ತು, ನೀರು ಕಣ್ಣಿಗೆ ಬೀಳುತ್ತಿರಲಿಲ್ಲ. ಗಾಳಿ ಇರಲಿಲ್ಲ. ಹಗಲಿನ ಬಿಸಿ ಇನ್ನೂ ಟಾರಿನಿಂದ ಮೇಲೆ ಏಳುತ್ತಿತ್ತು.

ಮೊದಲು ಬಾನೆಟ್ ಎತ್ತಿದೆ. ವೈರಿಂಗ್ ಮುಟ್ಟುವ ಮೊದಲು ಬ್ಯಾಟರಿಯ ಟರ್ಮಿನಲ್ ಬಿಚ್ಚಬೇಕು, ಇದು ನಮ್ಮ ಯಜಮಾನರು ಕಲಿಸಿದ ಮೊದಲ ಪಾಠ. ಬಿಚ್ಚಿದೆ. ಬಿಚ್ಚಿದ ತುದಿ ತಾಗಬಾರದು ಅಂತ ಅದಕ್ಕೆ ಬಟ್ಟೆ ಸುತ್ತಿ ಪಕ್ಕಕ್ಕೆ ಬಗ್ಗಿಸಿ ಇಟ್ಟೆ. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಬಟ್ಟೆ ಸುತ್ತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಫೋನನ್ನೂ ಚೀಲವನ್ನೂ ಅಲ್ಲೇ ಬ್ಯಾಟರಿಯ ಪಕ್ಕ ಬಿಟ್ಟು, ಒಂದು ಸ್ಕ್ರೂಡ್ರೈವರ್, ಒಂದು ನೋಸ್ ಪ್ಲೈಯರ್, ಒಂದು ತುಂಡು ಸ್ಯಾಂಡ್ ಪೇಪರ್ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಗೆ ಟಾರ್ಚ್ ಕಟ್ಟಿಕೊಂಡು ಒಳಗೆ ಹತ್ತಿದೆ. ಸೊಳ್ಳೆ ಬಂದಾವು ಅಂತ ಬಾಗಿಲು ಎಳೆದುಕೊಂಡೆ.

ಡ್ಯಾಶ್‌ಬೋರ್ಡ್ ಕೆಳಗೆ ಕೆಲಸ ಮಾಡಬೇಕಾದರೆ ಅಂಗಾತ ಮಲಗಿ ತಲೆಯನ್ನು ಪೆಡಲ್‌ಗಳ ಹತ್ತಿರ ತೂರಿಸಬೇಕು. ಅಲ್ಲಿಂದ ಮೇಲೆ ನೋಡಿದರೆ ವೈರುಗಳದೇ ಒಂದು ಕಾಡು. ಎರಡು ಕಡೆಯಿಂದ ಬಂದ ವೈರುಗಳು ಒಂದರೊಳಗೊಂದು ಕೂರುವ ಪ್ಲಾಸ್ಟಿಕ್ ಡಬ್ಬಿಗಳು ಇರುತ್ತವೆ, ಅವನ್ನು ಕಪ್ಲರ್ ಅನ್ನುತ್ತೇವೆ. ಅರ್ಧ ಗಾಡಿಗಳ ರೋಗ ಇರುವುದು ಅವುಗಳಲ್ಲೇ. ಚಾವಿಯಿಂದ ಬರುವ ದೊಡ್ಡ ಕಪ್ಲರ್ ಹಿಡಿದು ಎಳೆದೆ. ಬರಲಿಲ್ಲ. ಪ್ಲೈಯರ್ ಹಾಕಿ ಎಳೆದೆ...

ಪಿನ್ನುಗಳ ಮೇಲೆ ಹಸಿರು ಕಿಲುಬು. ಅದು ಹೊಸದೇನಲ್ಲ. ಆದರೆ ಅದರೊಳಗಿನಿಂದ ನನ್ನ ಗಲ್ಲದ ಮೇಲೆ ಏನೋ ಉದುರಿತು. ಒರೆಸಿಕೊಂಡು ಬೆರಳಿನಲ್ಲಿ ತಿಕ್ಕಿ ನೋಡಿದೆ.

ರೇವೆ ಮಣ್ಣು. ಹೊಳೆಯ ತಳದಲ್ಲಿ ಸಿಗುವ, ಹಿಟ್ಟಿನಂಥ ನುಣ್ಣನೆಯ ಮಣ್ಣು.

ಇನ್ನೊಂದು ಕಪ್ಲರ್ ತೆಗೆದೆ. ಅದರಲ್ಲೂ ಮಣ್ಣು. ಸೀಟಿನ ಎತ್ತರದಲ್ಲಿದ್ದದ್ದು ತೆಗೆದೆ. ಅದರಲ್ಲೂ. ಕನ್ನಡಿಯ ಹತ್ತಿರ, ಚಾವಣಿಯ ಲೈಟಿಗೆ ಹೋಗುವ ಚಿಕ್ಕ ಕಪ್ಲರ್‌ನಲ್ಲೂ...

ಮಳೆನೀರು ನುಗ್ಗಿದರೆ ಮಣ್ಣು ಕಾಲ ಬುಡದವರೆಗೆ ಬರುತ್ತದೆ. ಚಾವಣಿಯವರೆಗೆ ಬಂದಿದೆ ಅಂದರೆ ಗಾಡಿ ಪೂರ್ತಿ ನೀರಿನೊಳಗೆ ಇತ್ತು. ಒಂದು ದಿನವಲ್ಲ, ಬಹಳ ದಿನ. ಅಂಥ ಗಾಡಿಯನ್ನು ಎಲ್ಲಿಯೋ ಎತ್ತಿ, ತೊಳೆದು, ಬಣ್ಣ ಹೊಡೆದು ಯಾರೋ ಈ ಮುದುಕನಿಗೆ ದಾಟಿಸಿದ್ದರು. ಪಾಪ ಹನುಮಂತಣ್ಣ ಅಂದುಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು... ಗಾಡಿ ತಾನಾಗಿ ನಡೆದುಕೊಂಡು ಹೋಗಿ ನೀರಿಗೆ ಬೀಳುವುದಿಲ್ಲವಲ್ಲ.

ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು ಕೆಲಸ ಮಾಡಿದೆ. ಒಂದೊಂದೇ ಪಿನ್ ಉಜ್ಜಿ ಹೊಳಪು ಬರಿಸಿ ಕೂಡಿಸುತ್ತಾ ಹೋದೆ. ಎಷ್ಟು ಹೊತ್ತಾಯಿತೋ.

ಮಲ್ಲಿಗೆಯ ವಾಸನೆ ಬಂತು ಅಂತ ಹೇಳಿದರೆ ನೀವು ನಗುತ್ತೀರಿ, ಎಲ್ಲ ದೆವ್ವದ ಕತೆಯಲ್ಲೂ ಅದೇ ಬರುತ್ತದೆ. ಇಲ್ಲಿ ಹಾಗಲ್ಲ. ಗಾಡಿ ತುಂಬ ಮೊದಲಿನಿಂದಲೇ ಮಲ್ಲಿಗೆಯ ವಾಸನೆ ಇತ್ತು, ಬುಟ್ಟಿ ಇಳಿಸಿದ ಮೇಲೂ ಮೂಗಿಗೆ ಅಡರುವಷ್ಟು ಇತ್ತು.

ಅದು ಹೋಯಿತು.

ಯಾರೋ ಮುಚ್ಚಳ ಹಾಕಿದ ಹಾಗೆ, ಒಂದೇ ಉಸಿರಿನಲ್ಲಿ. ಆ ಜಾಗದಲ್ಲಿ ಕೆಸರಿನ ವಾಸನೆ. ಕೊಳೆತ ಜೊಂಡಿನ ವಾಸನೆ. ಒದ್ದೆ ಸೀಟಿನ ವಾಸನೆ.

ಕಾಲಿಗೆ ತಣ್ಣಗಾಯಿತು. ಪಾದ, ಹಿಮ್ಮಡಿ, ಆಮೇಲೆ ಮೊಣಕಾಲು... ತಣ್ಣಗಿನದು ನಿಧಾನವಾಗಿ ಮೇಲೆ ಏರುತ್ತಿತ್ತು. ಕೈಯಾಡಿಸಿ ನೋಡಿದೆ. ಸೀರೆ ಒಣಗಿಯೇ ಇತ್ತು.

ಅಷ್ಟರಲ್ಲಿ ಚಾವಣಿಯ ಲೈಟು ಹತ್ತಿತು.

ಹಳದಿ ಬೆಳಕು. ಮಂದ. ನಾನು ಅದನ್ನು ನೋಡುತ್ತಾ ಮಲಗಿಯೇ ಇದ್ದೆ. ಬ್ಯಾಟರಿ ಬಿಚ್ಚಿದೆ, ಬಟ್ಟೆ ಸುತ್ತಿದ್ದೇನೆ, ಆ ಲೈಟಿನ ಕಪ್ಲರ್ ಇನ್ನೂ ಕನ್ನಡಿಯ ಹತ್ತಿರ ಬಿಚ್ಚಿಕೊಂಡೇ ನೇತಾಡುತ್ತಿದೆ. ಲೈಟು ಹತ್ತಿದೆ. ಎಲ್ಲಿಂದ ಬರಬೇಕು ಅದಕ್ಕೆ ಕರೆಂಟು?

ಟಕ್.

ನಾಲ್ಕೂ ಬಾಗಿಲ ಲಾಕುಗಳು ಒಟ್ಟಿಗೆ ಬಿದ್ದವು.

ಎದ್ದು ಕೂತು ಬಾಗಿಲ ಹಿಡಿಕೆ ಎಳೆದೆ. ಲಾಕಿನ ಗುಬ್ಬಿಯನ್ನು ಉಗುರು ಹಾಕಿ ಎತ್ತಿದೆ. ಏಳಲಿಲ್ಲ. ಮುಂದಿನ ಗಾಜಿನಾಚೆ ನನ್ನ ಫೋನು ಇರುವ ಜಾಗ ಕಾಣುತ್ತಿತ್ತು, ಎತ್ತಿದ ಬಾನೆಟ್ಟಿನ ಸಂದಿಯಲ್ಲಿ. ಒಂದು ಮೊಳ ದೂರ.

ಹಿಂದೆ, ಸೀಟು ಕಿತ್ತ ಖಾಲಿ ಜಾಗದಲ್ಲಿ, ಯಾರೋ ಉಸಿರು ಹಿಡಿದಿದ್ದರು. ಉಸಿರಾಡುವುದು ಕೇಳುತ್ತದೆ, ಸರಿ. ಉಸಿರು ಹಿಡಿದಿರುವುದು ಹೇಗೆ ಕೇಳಿತು ಅಂತ ಕೇಳಬೇಡಿ. ಗೊತ್ತಾಯಿತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆಗ ನನಗೆ ಮೊದಲು ಹುಟ್ಟಿದ್ದು ಹೆದರಿಕೆಯಲ್ಲ, ಆಸೆ. ನಾಲ್ಕು ವರ್ಷದಿಂದ ಒಂದು ಮನೆಯಲ್ಲಿ ಒಬ್ಬಳೇ ಅಡುಗೆ ಮಾಡಿ, ಒಬ್ಬಳೇ ಉಂಡು, ಒಂದು ತಟ್ಟೆ ತೊಳೆದಿಟ್ಟು ಮಲಗಿದವಳು ನಾನು. ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಬೇಕಾದಾಗ ಈಗಲೂ ತಿರುಗಿ ನೋಡದೆ ಕೈ ಚಾಚುತ್ತೇನೆ, ಯಾರೋ ಕೊಡುತ್ತಾರೆ ಅಂತ. ತಿರುಗದೆಯೇ, ಮೆಲ್ಲಗೆ ಕೇಳಿದೆ:

"ರೀ... ನೀವೇನ್ರಿ?"

 ಆಮೇಲೆ ಎಡಗಡೆಯಿಂದ, ಹಿಂದಿನ ಬಾಗಿಲ ಹತ್ತಿರದಿಂದ...

"ಗ್ಲಾಸ್ ಇಳಿಸು."

ಹೆಂಗಸಿನ ದನಿ. ಕೂಗಲಿಲ್ಲ, ಅಳಲಿಲ್ಲ. ಅದೇ ಮಾತನ್ನು ಹೇಳಿ ಹೇಳಿ ಸವೆದುಹೋದ ದನಿ.

ಅವರಲ್ಲ. ಅವರಾಗಿದ್ದರೆ ನಾನು ಯಾಕೆ ಹೆದರುತ್ತಿದ್ದೆ? ಅವರಲ್ಲ ಅಂತ ತಿಳಿದಾಗಲೇ ಹೆದರಿಕೆ ಶುರುವಾದದ್ದು. ನನ್ನವರನ್ನು ಕರೆದರೆ ಇನ್ಯಾರೋ ಓಗೊಟ್ಟಿದ್ದರು.

"ಗ್ಲಾಸ್ ಇಳಿಸು..."

ತಣ್ಣಗಿನದು ಸೊಂಟ ದಾಟಿ ಎದೆಯವರೆಗೆ ಬಂದಿತ್ತು. ಬಾಯಿ ತೆರೆದರೂ ಉಸಿರು ಸಾಲುತ್ತಿರಲಿಲ್ಲ. ಕಿಟಕಿಯ ಗಾಜಿಗೆ ಪ್ಲೈಯರ್‌ನಿಂದ ಹೊಡೆದೆ. ನೀರಿನೊಳಗೆ ಕೈ ಬೀಸಿದ ಹಾಗೆ, ಏಟಿಗೆ ಬಲವೇ ಇಲ್ಲ. ಗಾಜಿಗೆ ಒಂದು ಗೀರೂ ಬೀಳಲಿಲ್ಲ.

ಇನ್ನೇನು ಮಾಡಲಿ? ನನಗೆ ಗೊತ್ತಿರುವುದು ಒಂದೇ ಕೆಲಸ. ಅದನ್ನೇ ಮಾಡಿದೆ.

ಮುಂದಿನ ಸೀಟುಗಳ ನಡುವೆ ತೂರಿ ಹಿಂದೆ ಹೋದೆ. ಎಡಗಡೆಯ ಬಾಗಿಲ ಮುಂದೆ ಮೊಣಕಾಲೂರಿದೆ. ತಲೆಯ ಟಾರ್ಚು ಗ್ಲಾಸ್ ಇಳಿಸುವ ಸ್ವಿಚ್ಚಿನ ಮೇಲೆ ಬಿತ್ತು.

ಸ್ವಿಚ್ಚು ಮುರಿದು ಒಳಗೆ ಕೂತಿತ್ತು. ಹಳತಾಗಿ ಮುರಿದದ್ದು ಬೇರೆ ತರಹ ಇರುತ್ತದೆ, ನಾನು ನೂರಾರು ನೋಡಿದ್ದೇನೆ. ಇದು ಒತ್ತಿ ಮುರಿದದ್ದು. ಒಬ್ಬರು ತಮ್ಮ ಮೈಯ ಬಲವನ್ನೆಲ್ಲ ಒಂದು ಹೆಬ್ಬೆರಳಿಗೆ ತಂದು ಒತ್ತಿ... ಒತ್ತಿ... ಒತ್ತಿ ಮುರಿದದ್ದು.

ಸ್ಕ್ರೂಡ್ರೈವರ್ ಹಾಕಿ ಸ್ವಿಚ್ಚಿನ ಪಟ್ಟಿ ಎಬ್ಬಿಸಿದೆ. ಅದರ ಹಿಂದಿನ ಕಪ್ಲರ್ ಹೊರಗೆ ಎಳೆದೆ. ಅದರೊಳಗಿನ ಮಣ್ಣು ಒಣಗಿರಲಿಲ್ಲ. ಮೆತ್ತಗೆ, ಹಸಿಯಾಗಿ, ಬೆರಳಿಗೆ ಅಂಟಿತು. ಸೆರಗಿನಿಂದ ಒರೆಸಿದೆ. ಪಿನ್ನುಗಳನ್ನು ಉಜ್ಜಿದೆ. ಸ್ಯಾಂಡ್ ಪೇಪರ್ ಎರಡು ಸಲ ಜಾರಿ ಬಿತ್ತು. ನನ್ನ ಕುತ್ತಿಗೆಯ ಪಕ್ಕದಲ್ಲಿ ಯಾರೋ ಬಗ್ಗಿ ನೋಡುತ್ತಿರುವ ಹಾಗೆ ಇತ್ತು. ತಿರುಗಲಿಲ್ಲ.

"ತಡಿಯವಾ..." ಅಂದೆ. ಯಾರಿಗೆ ಅಂದೆನೋ. "ಆತು... ಒಂದು ಪಿನ್ ಐತಿ, ಆತು..."

ಕಪ್ಲರ್ ಕೂಡಿಸಿದೆ. ಕ್ಲಿಕ್ ಅಂತು. ಮುರಿದ ಸ್ವಿಚ್ಚಿನ ತೂತಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಒತ್ತಿದೆ.

ಬ್ಯಾಟರಿ ಇಲ್ಲದ ಗಾಡಿಯ ಗ್ಲಾಸು ಕಿರ್ರ್... ಅಂತ ಮಣ್ಣು ತಿಕ್ಕುತ್ತಾ ಕೆಳಗೆ ಇಳಿಯಿತು.

ನನ್ನ ಎಡಭುಜವನ್ನು ತಳ್ಳಿಕೊಂಡು ಏನೋ ಹೊರಗೆ ಹೋಯಿತು. ಗಾಳಿಗಿಂತ ಭಾರ, ಮನುಷ್ಯರಿಗಿಂತ ಹಗುರ. ಲೈಟು ಆರಿತು. ಲಾಕುಗಳು ಟಕ್ ಅಂತ ಮೇಲೆದ್ದವು. ಎದೆಯ ಮೇಲಿನ ತಣ್ಣಗಿನದೆಲ್ಲ ಒಮ್ಮೆಲೇ ಇಳಿದುಹೋಯಿತು. ಆ ಕಿಟಕಿಯಲ್ಲೇ ತಲೆ ಹೊರಗೆ ಹಾಕಿ ಎಷ್ಟು ಹೊತ್ತು ಉಸಿರು ಎಳೆದೆನೋ. ಸುತ್ತ ಮತ್ತೆ ಮಲ್ಲಿಗೆಯ ವಾಸನೆ.

ಕೆಳಗಿಳಿದು ಮೊದಲು ನೋಡಿದ್ದು ಬ್ಯಾಟರಿಯನ್ನು. ಟರ್ಮಿನಲ್ ಬಿಚ್ಚಿಯೇ ಇತ್ತು. ಬಟ್ಟೆ ಸುತ್ತಿಯೇ ಇತ್ತು.

ಆಮೇಲೆ ಗಾಡಿಯೊಳಗೆ ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ಸ್ಕೂಟಿಯ ಮೇಲೆ ಕೂತೆ. ಯಾರಿಗಾದರೂ ಫೋನ್ ಮಾಡೋಣ ಅಂತ ಹೆಸರುಗಳನ್ನು ಸರಿಸುತ್ತಾ ಹೋದೆ. ಈ ಹೊತ್ತಿನಲ್ಲಿ ಮಾಡಿ, ಹಿಂಗಾಯಿತು ಬಾ ಅನ್ನುವಂಥ ಒಂದು ಹೆಸರೂ ಇರಲಿಲ್ಲ. ನಮ್ಮ ಯಜಮಾನರ ನಂಬರು ಇನ್ನೂ ಅಳಿಸಿರಲಿಲ್ಲ. ಅದರ ಮೇಲೆ ಬೆರಳು ಬಂತು, ನಿಂತಿತು, ಮುಂದೆ ಹೋಯಿತು.

ಹನುಮಂತಣ್ಣ ಬಂದಾಗ ಮೂಡಣ ಬೆಳ್ಳಗಾಗುತ್ತಿತ್ತು. ಯಾರದೋ ಬೈಕಿನಿಂದ ಇಳಿದು ಹತ್ತಿರ ಬಂದ. ಬೈಕಿನವನು ಹಾಗೇ ಮುಂದೆ ಹೋದ. ಹನುಮಂತಣ್ಣ ಮೊದಲು ನೋಡಿದ್ದು ನನ್ನನ್ನಲ್ಲ, ಇಳಿದಿದ್ದ ಗ್ಲಾಸನ್ನು.

"ಈ ಗ್ಲಾಸು ನಾ ಗಾಡಿ ತಗೊಂಡಾಗಿಂದ ಇಳಿದೇ ಇಲ್ಲ" ಅಂದ.

ಹಗಲಿನ ಬೆಳಕು ಬರುತ್ತಿತ್ತು, ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದ. ಧೈರ್ಯ ಮಾಡಿ ಬ್ಯಾಟರಿ ಜೋಡಿಸಿ, ಉಳಿದ ಎರಡು ಕಪ್ಲರ್ ಕೂಡಿಸಿದೆ. ಚಾವಿ ತಿರುಗಿಸಿದೊಡನೆ ಗಾಡಿ ಶುರುವಾಯಿತು. ಕಪ್ಲರ್‌ಗಳಲ್ಲಿ ಸಿಕ್ಕ ಮಣ್ಣನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ.

"ನೀರಾಗ ಮುಳುಗಿದ ಗಾಡಿ ಇದು ಅಣ್ಣ. ಯಾರ ಹತ್ರ ತಗೊಂಡಿ?"

ಅವನು ಮಣ್ಣು ನೋಡಲಿಲ್ಲ. ಬಹಳ ಸಣ್ಣ ದನಿಯಲ್ಲಿ ಕೇಳಿದ, "ನಿನಗೂ ಕೇಳಿಸ್ತೇನವಾ?"

ನನಗೆ ತಟ್ಟನೆ ಅರ್ಥವಾಯಿತು. ಚಾವಿ ಕೊಡುವಾಗ ತಡೆದ ಕೈ, ಮುಖ ನೋಡದೆ ಆಡಿದ ಮಾತು.

"ನಿನಗ ಗೊತ್ತಿತ್ತಾ?"

"ತಪ್ಪಾತು ಯವ್ವಾ." ಅವನು ಅಲ್ಲೇ ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. "ಮೂರು ಸರ್ತಿ ಕೇಳೇನಿ. ಯಾರ ಮುಂದ ಹೇಳ್ಲಿ? ಮುದುಕಗ ತಲಿ ಕೆಟ್ಟೈತಿ ಅಂತಾರ. ನಿನ್ನೆ ಇಲ್ಲೇ ನಿಂತುಬಿಡ್ತು. ನಂಗ ಇರಾಕ ಧೈರ್ಯ ಆಗ್ಲಿಲ್ಲ... ನಿನ್ನೊಬ್ಬಾಕಿನ್ನ ಬಿಟ್ಟು ಓಡಿಹೋದೆ."

ಬೈಯಬೇಕು ಅನ್ನಿಸಿತು. ಆದರೆ ಈ ಭೂಮಿಯ ಮೇಲೆ ನಾನು ಕೇಳಿದ್ದನ್ನು ಕೇಳಿದ ಇನ್ನೊಬ್ಬ ಮನುಷ್ಯ ಅವನೊಬ್ಬನೇ ಆಗಿದ್ದ.

"ಹೋತು ಬಿಡಣ್ಣ" ಅಂದೆ. "ಆಕಿ ಹೊರಗ ಹೋದ್ಲು. ಎಡಗಡಿ ಗ್ಲಾಸ್ ಇಳಿಸಿಬಿಟ್ಟೆ. ಇನ್ನ ಕೇಳಂಗಿಲ್ಲ."

ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಆಕಿ ಅಂದ್ರ ಯಾರವಾ?"

"ಆ ಹೆಂಗಸು."

"ಹೆಂಗಸಲ್ಲವಾ ಅದು..." ಅಂದ. "ನಾ ಕೇಳಿದ್ದು ಸಣ್ಣ ಹುಡುಗಿ ದನಿ. ನನ್ನ ಸೀಟಿನ ಹಿಂದ. ಬಲಗಡಿ."

ಇಬ್ಬರೂ ಒಟ್ಟಿಗೆ ತಿರುಗಿದೆವು. ಹಿಂದಿನ ಬಲಗಡೆಯ ಗ್ಲಾಸು ಪೂರ್ತಿ ಮೇಲಿತ್ತು.

"ಒಂದು ತಾಸು ನಿಲ್ಲಣ್ಣ. ಆ ಕಡೀದೂ ಬಿಚ್ಚಿ ಜೋಡಿಸ್ತೀನಿ" ಅಂದೆ.  ಅವನು ಕೇಳಿಸಿಕೊಳ್ಳಲೇ ಇಲ್ಲ. ಶುರುವಾಗಿದ್ದ ಗಾಡಿಗೆ ಹತ್ತಿದವನು ತಿರುಗಿ ನೋಡದೆ ಹೊಡೆದುಕೊಂಡು ಹೋದ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಸಿಕ್ಕಾಗ ಗಾಡಿ ಕೊಟ್ಟಾಗಿತ್ತು. ಕೊಂಡವನು ಅದನ್ನು ಹರಪನಹಳ್ಳಿಯ ಕಡೆಯ ಒಬ್ಬನಿಗೆ ದಾಟಿಸಿದ್ದ, ಅವನು ಇನ್ಯಾರಿಗೋ. ಅಲ್ಲಿಂದ ಮುಂದೆ ದಾರಿ ಸಿಗಲಿಲ್ಲ. ಹನುಮಂತಣ್ಣನಿಗೆ ಮಾರಿದ ದಲ್ಲಾಳಿಯನ್ನೂ ಕೇಳಿದೆವು. "ಒಬ್ಬ ಮಾಸ್ತರು ಓಡಿಸಿದ ಗಾಡಿ ಅದು, ನೀರು ಕಂಡಿಲ್ಲ" ಅಂದು ಫೋನ್ ಇಟ್ಟ.

ಅವರು ಯಾರು, ಯಾವ ಊರಿನವರು, ಯಾವ ನೀರಿಗೆ ಬಿದ್ದರು, ನಮಗೆ ಗೊತ್ತಾಗಲೇ ಇಲ್ಲ. ತಾಯಿ ಮಗಳು ಅಂತಲೂ ನಾನು ಹೇಳಲಾರೆ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಬೇರೆ ರೀತಿ ಯೋಚಿಸಲು ನನ್ನಿಂದ ಆಗುವುದಿಲ್ಲ. ನೀರಿನಲ್ಲಿ ಇಬ್ಬರೂ ಜೊತೆಗಿದ್ದರು. ಕತ್ತಲಿದ್ದರೂ, ಉಸಿರು ಕಟ್ಟಿದ್ದರೂ, ಇಬ್ಬರಿದ್ದರು. ನಾನು ಹೋಗಿ ಒಂದೇ ಕಡೆಯ ಗ್ಲಾಸು ಇಳಿಸಿದೆ.

ಬಿಳಿ ಬಣ್ಣದ ಅಂಥ ಗಾಡಿ ಯಾವುದು ಕಂಡರೂ ಈಗ ಕೈಮಾಡಿ ನಿಲ್ಲಿಸುತ್ತೇನೆ. ಡ್ರೈವರುಗಳು ಬೈಯುತ್ತಾರೆ, ಕೆಲವರು ನಗುತ್ತಾರೆ. "ಹಿಂದಿನ ಬಲಗಡಿ ಗ್ಲಾಸ್ ಇಳಿತೈತೇನ್ರಿ ನಿಮ್ಮದು?" ಅಂತ ಕೇಳುತ್ತೇನೆ. ಇಳಿಯುತ್ತದೆ ಅನ್ನುತ್ತಾರೆ ಎಲ್ಲರೂ. ಒಂದು ಸಲ ಇಳಿಸಿ ತೋರಿಸಿರಿ ಅನ್ನುತ್ತೇನೆ. ಇಳಿಸಿ ತೋರಿಸಿ ಹೋಗುತ್ತಾರೆ.

ಇಳಿಯದ ಗಾಡಿ ಇನ್ನೂ ಸಿಕ್ಕಿಲ್ಲ...